ಸಿಗಡಿಯ ಬಿಲವೂ ನನ್ನ ಎಡಗಿವಿಯೂ

ಎಡಗಿವಿಯ ಪರದೆಯಲ್ಲಿ ತೂತು ಬಿದ್ದು ನಾನು ಲಕ್ಷದ್ವೀಪದಿಂದ ಕುಷ್ಟಗಿ ಹತ್ತಿರದ ನಮ್ಮೂರಿಗೆ ಮರಳಿದ್ದು ಕಳೆದ ಬೇಸಿಗೆಯ ಕೊನೆಗೆ. ತೂತು ಸಣ್ಣದು, ಎಳ್ಳಿನ ಕಾಳಿನಷ್ಟು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಒದ್ದೆಯಾಗದಂತೆ ನೋಡಿಕೊಂಡರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡರೆ, ಮಳೆಗಾಲ ಮುಗಿದು ಕಡಲು ತಿಳಿಯಾದಾಗ ಮತ್ತೆ ನೀರಿಗೆ ಇಳಿಯಬಹುದು. ಇಲ್ಲದಿದ್ದರೆ ನನ್ನ ಜಾಗದಲ್ಲಿ ಬೇರೆಯವರು ಇಳಿಯುತ್ತಾರೆ. ಮಳೆಗಾಲವಿಡೀ ನನ್ನ ತಲೆಯಲ್ಲಿದ್ದದ್ದು ಇದೊಂದೇ. ಮನೆಯಲ್ಲಿ ಮಾತ್ರ ನಾನು ಹೇಳಿದ್ದು ಇಷ್ಟು: “ಕಿವಿ ಸ್ವಲ್ಪ ನೋಯ್ತೈತಿ. ರಜಾ ಹಾಕಿ ಬಂದೀನಿ.”

ನನ್ನ ಕೆಲಸ ಹವಳದ ದಿಬ್ಬಗಳಲ್ಲಿ ಬದುಕುವ ಸಣ್ಣ ಜೀವಿಗಳ ಚಿತ್ರ ತೆಗೆಯುವುದು. ಆ ದ್ವೀಪದ ಸುತ್ತಲಿನ ಜೀವಿಗಳ ಬಗ್ಗೆ ಒಂದು ಸಚಿತ್ರ ಪುಸ್ತಕ ತಯಾರಾಗುತ್ತಿದೆ. ಆಮೆ, ತೊರಕೆ ಮೀನುಗಳಂಥ ದೊಡ್ಡವನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕದೆಲ್ಲ ನನ್ನ ಪಾಲು: ಚಿಪ್ಪಿಲ್ಲದ ಬಸವನಹುಳು, ಜೋಳದ ಕಾಳಿನಷ್ಟು ಏಡಿ, ಕೂತ ಕೊಂಬೆಯ ಬಣ್ಣವನ್ನೇ ತೊಟ್ಟ ಸಿಗಡಿ. ಕೇಳಿದವರಿಗೆ ಇದು ಚೆಂದದ ಕೆಲಸ ಅನ್ನಿಸುತ್ತದೆ. ಮಾಡುವವರಿಗೆ ಇದು ಕಾಯುವ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕೈಯಲ್ಲಿ ನೀರು ಹೊಗದ ಪೆಟ್ಟಿಗೆಯೊಳಗಿನ ಕ್ಯಾಮೆರಾ, ಅದರ ಎರಡೂ ಬದಿಗೆ ಚಾಚಿಕೊಂಡ ಫ್ಲ್ಯಾಶ್ ದೀಪಗಳು. ಇಷ್ಟನ್ನೂ ಹೊತ್ತು, ಎಲ್ಲಿಗೂ ತಾಗದೆ, ಮರಳು ಎಬ್ಬಿಸದೆ ಒಂದೇ ಕಡೆ ತೇಲುತ್ತಿರಬೇಕು. ಉಸಿರು ಎಳೆದರೆ ಮೈ ನಾಲ್ಕು ಬೆರಳು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಅಷ್ಟಕ್ಕೇ ಜೀವಿ ಚೌಕಟ್ಟಿನಿಂದ ಆಚೆ ಹೋಗಿರುತ್ತದೆ. ಮರಳು ಎದ್ದರಂತೂ ಮುಗಿಯಿತು, ಪ್ರತಿ ಕಣವೂ ಫ್ಲ್ಯಾಶಿನ ಬೆಳಕಿಗೆ ಹೊಳೆದು ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಮೇಲೆ ಬಂದ ಮೇಲೆ ಪೆಟ್ಟಿಗೆಯನ್ನು ಸಿಹಿನೀರಿನಲ್ಲಿ ತೊಳೆದು, ಅದರ ರಬ್ಬರ್ ಬಳೆಯ ಮೇಲೆ ಒಂದು ಕೂದಲೆಳೆಯೂ ಉಳಿಯದಂತೆ ಒರೆಸಿ ಇಡಬೇಕು. ಮರುದಿನ ಮತ್ತೆ ಅದೇ. ಎರಡು ಹಂಗಾಮು ಹೀಗೆ ಕಳೆದ ಮೇಲೆ, ನನಗೆ ಸಮುದ್ರ ಎಂದರೆ ಹೆಗಲ ನೋವು, ಉಪ್ಪು ಹತ್ತಿದ ಬಟ್ಟೆ ಮತ್ತು ಎಷ್ಟು ಮಲಗಿದರೂ ತೀರದ ನಿದ್ದೆ.

ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ನಾನು ಕಳೆದದ್ದು ಒಂದು ಬಿಲದ ಮುಂದೆ. ಸತ್ತ ಹವಳವೊಂದರ ಬುಡದ ಮರಳಿನಲ್ಲಿ, ಹೆಬ್ಬೆರಳು ಹೋಗುವಷ್ಟು ಬಾಯಿಯ ಬಿಲ. ಅದರಲ್ಲಿ ಒಂದು ಸಿಗಡಿಯೂ ಒಂದು ಮೀನೂ ಒಟ್ಟಿಗೆ ವಾಸ. ಸಿಗಡಿಗೆ ಕಣ್ಣು ಮಂದ. ಅದು ದಿನವೆಲ್ಲ ಒಳಗಿನ ಮರಳನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಮೀನು ಬಾಗಿಲಲ್ಲಿ ಕಾವಲಿರುತ್ತದೆ. ಹೊರಗೆ ಬಂದಾಗಲೆಲ್ಲ ಸಿಗಡಿ ತನ್ನ ಉದ್ದ ಮೀಸೆಯ ತುದಿಯನ್ನು ಮೀನಿನ ಮೈಮೇಲೆ ಇಟ್ಟಿರುತ್ತದೆ. ಅಪಾಯ ಕಂಡರೆ ಮೀನು ಬಾಲ ನಡುಗಿಸುತ್ತದೆ, ಎರಡೂ ಒಳಗೆ. ಬೆಳೆದ ಜೋಡಿಯ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಇಲ್ಲದ್ದು ಒಂದೇ. ಮಳೆಗಾಲ ಕಳೆದ ಮೇಲೆ ಅದೇ ಮರಳಿಗೆ ಅಕ್ಕಿಕಾಳಿನಷ್ಟು ಮರಿ ಸಿಗಡಿಗಳು ಬಂದಿಳಿಯುತ್ತವೆ. ಅಂಥ ಮರಿ, ತನ್ನಂತೆಯೇ ಎಳೆಯದಾದ ಮೀನೊಂದನ್ನು ಮೊದಲ ಸಲ ಮೀಸೆಯಿಂದ ಮುಟ್ಟುವ ಚಿತ್ರ. ಹಿಂದಿನ ವರ್ಷ ನಾನು ಅದನ್ನು ನೋಡಿದ್ದೆ. ಆದರೆ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು, ಮೇಲೆ ಹೋಗಲೇಬೇಕಿತ್ತು. ಬರುವ ಹಂಗಾಮಿನಲ್ಲಿ ಅದನ್ನು ತೆಗೆದು, ಆಮೇಲೆ ಬೇಕಿದ್ದರೆ ಈ ಕೆಲಸವನ್ನೇ ಬಿಡೋಣ ಎಂದುಕೊಂಡಿದ್ದೆ.

ಕಿವಿ ಹೋದದ್ದು ಯಾವ ಸಾಹಸದಲ್ಲೂ ಅಲ್ಲ. ನೆಗಡಿ ಬಿಟ್ಟು ಎರಡು ದಿನವಾಗಿತ್ತು. ನೀರಿಗೆ ಇಳಿಯುವಾಗ ಮೂಗು ಹಿಡಿದು ಊದಿ ಕಿವಿಯೊಳಗಿನ ಒತ್ತಡ ಸರಿಮಾಡಿಕೊಳ್ಳುತ್ತೇವೆ. ಆ ದಿನ ಎಡಗಿವಿಯ ಬಿಗಿ ಬಿಡಲಿಲ್ಲ. ಇನ್ನೊಮ್ಮೆ ಊದಿದೆ. ತಲೆಯೊಳಗೆ ತಣ್ಣನೆಯ ನೀರು ನುಗ್ಗಿತು, ಹವಳದ ದಿಬ್ಬ ಗಿರ್ರನೆ ತಿರುಗಿತು. ನನ್ನ ಜೊತೆ ಯಾವಾಗಲೂ ಇಳಿಯುವ ಗೆಳತಿ, ಕರಾವಳಿಯವಳು, ರಟ್ಟೆ ಹಿಡಿದು ನಿಧಾನವಾಗಿ ಮೇಲೆ ತಂದಳು.

ಊರಲ್ಲಿ ನನ್ನ ಹಗಲು ಕಳೆಯುತ್ತಿದ್ದದ್ದು ಪಡಸಾಲೆಯಲ್ಲಿ, ಲ್ಯಾಪ್‌ಟಾಪಿನ ಮುಂದೆ. ಎರಡು ಹಂಗಾಮಿನ ಚಿತ್ರಗಳಲ್ಲಿ ಉಳಿಯತಕ್ಕದ್ದನ್ನು ಆರಿಸಿ ಮಿಕ್ಕದ್ದನ್ನು ಅಳಿಸುವ ಕೆಲಸ. ಪಕ್ಕದಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ಗೋಡೆಗೆ ಒರಗಿ ದೇವರ ದೀಪಕ್ಕೆ ಹತ್ತಿ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಎನ್ನುತ್ತೇವೆ. ಅಜ್ಜಿ ಸಮುದ್ರ ನೋಡಿದವಳಲ್ಲ. ಪರದೆಯ ಮೇಲೆ ಬಂದದ್ದೆಲ್ಲ ಅವಳಿಗೆ ಹುಳ. ಒಂದು ದಿನ ಬಿಲದ ಚಿತ್ರ ಬಂದಾಗ ಬತ್ತಿ ಕೆಳಗಿಟ್ಟು ಹತ್ತಿರ ಬಂದಳು.

“ಇವೆರಡೂ ಏನ್ ಮಾಡಾಕತ್ಯಾವ?”

ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

“ಅಂದ್ರ ಈಕಿ ದಿನಾ ಮಣ್ಣು ಹೊರ್ತಾಳ, ಅಂವ ಬಾಗಲ್ದಾಗ ಸುಮ್ನ ನಿಂತಿರ್ತಾನ. ಇದನ್ನ ನೋಡಾಕ ಅಷ್ಟ್ ದೂರ ಯಾಕ ಹೋಗಿದ್ದಿ ಯವ್ವಾ? ನಿಮ್ಮಪ್ಪನ್ನ ನೋಡಿದ್ರ ಸಾಕಾಗ್ತಿತ್ತು.”

“ಸುಮ್ನ ಅಲ್ಲಮ್ಮಾ, ಕಾವಲು ಕಾಯ್ತೈತಿ.”

“ನಿಮ್ಮಪ್ಪನೂ ಹಂಗ ಹೇಳ್ತಾನ.”

ಒಳಗೆ ಅವ್ವ ನಕ್ಕ ಸದ್ದು ಬಲಗಿವಿಗೆ ಕೇಳಿಸಿತು. ಎಡಗಿವಿಗೆ ಆ ದಿನಗಳಲ್ಲಿ ಕೇಳುತ್ತಿದ್ದದ್ದು ಹೆದ್ದಾರಿಯ ಲಾರಿಗಳ ಗುಂಯ್ ಎಂಬ ಸದ್ದು ಮಾತ್ರ, ಅದೂ ಕಂಬಳಿಯ ಆಚೆಯಿಂದ ಬಂದ ಹಾಗೆ.

ನನಗೆ ಈಜು ಕಲಿಸಿದ್ದು ಈ ಅಜ್ಜಿಯೇ, ಈಜು ಬಾರದಿದ್ದರೂ. ಈಗ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇರುವ ಕಡೆ, ದಾಳಿಂಬೆ ಗಿಡಗಳ ಆಚೆ, ಆಗ ಮೆಟ್ಟಿಲು ಇಳಿಯುವ ಬಾವಿ ಇತ್ತು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನನ್ನನ್ನು ನೀರಿಗೆ ಬಿಟ್ಟು, ಸೊಂಟದ ಹಗ್ಗದ ತುದಿ ಹಿಡಿದು ಅವಳು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹುಡುಗಿಗೆ ಯಾಕೆ ಈಜು ಎಂದವರಿಗೆ, “ನಿಮ್ಮ ಬಾವ್ಯಾಗ ಬಿಟ್ಟೀನೇನು?” ಎನ್ನುತ್ತಿದ್ದಳು. ಮೇಲೆ ಬಂದ ಕೂಡಲೇ ತಲೆ ಒರೆಸಿ, ಮಡಿಲಿಗೆ ತಲೆ ಇಡಿಸಿಕೊಂಡು, ಎರಡೂ ಕಿವಿಗೆ ಎರಡೆರಡು ಹನಿ ಬೆಚ್ಚನೆಯ ಎಣ್ಣೆ. ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಕಾಸಿದ್ದು. ಬಾವಿಗೆ ಇಳಿದವರಿಗೆಲ್ಲ ಅದು ಆಗಲೇಬೇಕು. ಕಿವಿಯಲ್ಲಿ ನೀರು ನಿಂತರೆ ಎಣ್ಣೆ ಅದನ್ನು ಹೊರಗೆ ತರುತ್ತದೆ ಎಂದು ನಮ್ಮ ಓಣಿಯವರೆಲ್ಲರ ನಂಬಿಕೆ. ಎಣ್ಣೆ ಇಳಿಯುವಾಗ ಹೊರಗಿನ ಸದ್ದು ಒಂದೊಂದೇ ದೂರ ಹೋಗುವುದು ನನಗೆ ಇಷ್ಟವಾಗುತ್ತಿತ್ತು. ಅಲ್ಲೇ ನಿದ್ದೆ ಹೋಗುತ್ತಿದ್ದೆ.

ಹಾಗಾಗಿ ಅಂದು ಮಧ್ಯಾಹ್ನ ನಡೆದದ್ದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಊಟ ಮುಗಿಸಿ ನಾನು ಬಲಮಗ್ಗುಲಾಗಿ ಚಾಪೆಯ ಮೇಲೆ ಮಲಗಿದ್ದೆ. ಬೆಳ್ಳುಳ್ಳಿಯ ವಾಸನೆ ಬಂತು. ಪರಿಚಿತವಾದ ಒರಟು ಬೆರಳು ಕಿವಿಯ ಹಾಲೆಯನ್ನು ಹಿಂದಕ್ಕೆ ಎಳೆಯಿತು. ಅರೆನಿದ್ದೆಯಲ್ಲಿ ನಾನು ಬಾವಿಯ ಮೆಟ್ಟಿಲ ಮೇಲಿದ್ದೆ, ಬೇಡ ಎನ್ನುವುದು ಹೊಳೆಯಲೇ ಇಲ್ಲ. ಮರುಕ್ಷಣ ಎಣ್ಣೆ ಪರದೆಯ ತೂತಿನಿಂದ ಒಳಗಿಳಿಯಿತು. ಜಂತಿ ತಿರುಗಿತು, ನೆಲ ಗೋಡೆಯಾಯಿತು. ಎದ್ದು ಕೂರಲು ಹೋಗಿ ಕಂಬಕ್ಕೆ ಬಡಿದು, ತಿಂದದ್ದನ್ನೆಲ್ಲ ಅಲ್ಲೇ ಕಾರಿಕೊಂಡೆ.

ಅವ್ವ ಓಡಿ ಬಂದಳು. ಆಗ ಹೇಳಲೇಬೇಕಾಯಿತು: ಕಿವಿಯ ಪರದೆ ಹರಿದಿದೆ, ಅದಕ್ಕೆ ಏನೂ ತಾಗಬಾರದಿತ್ತು.

“ಅತ್ತೀ, ನಿಮಗ ಯಾರ್ ಹೇಳಿದ್ರು ಎಣ್ಣಿ ಹಾಕಾಕ?”

“ಯಾರ್ ಹೇಳಬೇಕು? ಕೂಸು ಕಿವಿ ನೋಯ್ತೈತಿ ಅಂತು. ನೀರಾಗ ಇದ್ದು ಬಂದಾಳ. ನಿನ್ನ ಗಂಡನ ಕಿವಿಗೂ ಇದ ಎಣ್ಣಿ ಹಾಕಿ ಬೆಳಸೀನಿ.”

“ಅದಕ್ಕ ಅವ್ರಿಗೆ ನನ್ನ ಮಾತು ಕೇಳಂಗಿಲ್ಲ!”

ಇಬ್ಬರೂ ಜಗಳವಾಡುತ್ತಲೇ ನನ್ನ ಮುಖ ತೊಳೆದು, ಚಾಪೆ ತೆಗೆದು, ನೆಲ ಒರೆಸಿದರು. ನಾನು ಕಣ್ಣು ಮುಚ್ಚಿ, ಮಳೆಗಾಲ ಇನ್ನೆಷ್ಟು ಉಳಿದಿದೆ ಎಂದು ಯೋಚಿಸುತ್ತಿದ್ದೆ.

ಕಿವಿ ಸೋರತೊಡಗಿದ ಮೇಲೆ ಗಂಗಾವತಿಯ ಕಿವಿ ಡಾಕ್ಟರ ಹತ್ತಿರ ಹೊರಟೆವು. ಅಜ್ಜಿ ತಾನೂ ಬರುತ್ತೇನೆಂದು ಹಠ ಹಿಡಿದು ಅವ್ವನಿಗಿಂತ ಮೊದಲು ಬಸ್ಸು ಹತ್ತಿದಳು. ಒಣ ಹೊಲಗಳು ಮುಗಿದು ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದಾಗ ನಾನು ಕಣ್ಣು ತೆರೆದೆ. ಅಷ್ಟೊಂದು ನೀರು ನಿಂತದ್ದನ್ನು ನೋಡಲು ಮನಸ್ಸಾಗದೆ ಮತ್ತೆ ಮುಚ್ಚಿದೆ.

ಡಾಕ್ಟರು ನಡುವಯಸ್ಸಿನವರು, ಅವಸರವಿಲ್ಲದವರು. ಕಿವಿ ಮೂಸಿದಂತೆ ಮಾಡಿ, “ಏನ್ ಹಾಕೀರಿ ಇದಕ್ಕ?” ಎಂದರು. ನಾನು ಉತ್ತರ ಹೊಂದಿಸುವಷ್ಟರಲ್ಲಿ ಅಜ್ಜಿ ಮುಂದೆ ಬಂದಳು.

“ನಾನ ಹಾಕೀನ್ರಿ. ಕುಸುಬಿ ಎಣ್ಣಿ, ಬಳ್ಳೊಳ್ಳಿ ಹಾಕಿ ಕಾಸಿದ್ದು.”

“ಒಗ್ಗರಣಿ ಕೊಟ್ಟಂಗ ಕೊಟ್ಟೀರಲ್ರಿ ಅಮ್ಮಾರ.”

“ಸಾಸ್ವಿ ಹಾಕಿಲ್ರಿ,” ಎಂದಳು ಅಜ್ಜಿ, ಗಂಭೀರವಾಗಿಯೇ.

ಡಾಕ್ಟರು ನಗಲಿಲ್ಲ. ಪೆನ್ಸಿಲಿನಷ್ಟು ದಪ್ಪದ ಕೊಳವೆಯೊಂದನ್ನು ಕಿವಿಯೊಳಗೆ ಇಳಿಸಿದರು. ಅದರ ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇದ್ದವು. ಗೋಡೆಯ ಮೇಲಿನ ಟಿವಿಯಲ್ಲಿ ನನ್ನ ಕಿವಿ ಕಾಣಿಸಿತು. ಒದ್ದೆಯಾದ ಗುಲಾಬಿ ಗೋಡೆಗಳು, ನಡುನಡುವೆ ಎಣ್ಣೆಯ ಹೊಳಪು, ತುದಿಯಲ್ಲಿ ಕೆಂಪಗೆ ಊದಿದ ಪೊರೆ, ಅದರ ಕೆಳಬದಿಗೆ ಒಂದು ಕಪ್ಪು ತೂತು. ಅಭ್ಯಾಸಬಲ, ನಾನು ಮೊದಲು ನೋಡಿದ್ದು ಬೆಳಕನ್ನು. ದೀಪ ತೀರಾ ನೇರಕ್ಕಿತ್ತು, ಹೊಳಪು ಬಡಿಯುತ್ತಿತ್ತು, ತೂತಿನ ಅಂಚು ಮಸುಕಾಗಿತ್ತು. ಸ್ವಲ್ಪ ಓರೆಯಾಗಿ ಹಿಡಿದಿದ್ದರೆ ಚೆನ್ನಾಗಿ ಬರುತ್ತಿತ್ತು.

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಟಿವಿಯನ್ನು ನೋಡಿದಳು. “ಇದೂ ಸಮುದ್ರದ್ದೇನು?”

“ಅಲ್ಲಮ್ಮಾ. ನನ್ನ ಕಿವಿ.”

“ಆ ಕರೀದು?”

“ಅದ ತೂತು ನೋಡ್ರಿ ಅಮ್ಮಾರ,” ಎಂದರು ಡಾಕ್ಟರು. “ನಿಮ್ಮ ಎಣ್ಣಿ ಅದರಾಗಿಂದ ಒಳಗ ಹೋಗೇತಿ. ಮುಚ್ಚಾಕತ್ತಿತ್ತು, ಈಗ ಕೀವಾಗೇತಿ. ಸಮುದ್ರಕ್ಕ ಯಾವಾಗ ಅಂತ ಈಗ ಕೇಳಬ್ಯಾಡ್ರಿ. ಮೊದ್ಲ ಇದು ಒಣಗಲಿ.” ಕೊನೆಯ ಮಾತು ನನಗೆ, ನನ್ನ ಕೆಲಸದ ಬಗ್ಗೆ ಮೊದಲೇ ಹೇಳಿದ್ದೆ.

ವಾಪಸ್ ಬಸ್ಸಿನಲ್ಲಿ ಅಜ್ಜಿ ನನ್ನ ಬಲಗಡೆ ಕೂತಿದ್ದಳು. ಮಾತಾಡಿದ್ದರೆ ನನಗೆ ಕೇಳುತ್ತಿತ್ತು. ಅಷ್ಟು ದಿನ ಅವಳಿಗೆ ನಾನು ತೋರಿಸಿದ ಚಿತ್ರಗಳೆಲ್ಲ ತಮಾಷೆಯ ಹುಳಗಳಾಗಿದ್ದವು. ಇದೊಂದು ಹಾಗಾಗಲಿಲ್ಲ.

ಆಮೇಲೆ ಅವಳು ಎಣ್ಣೆಯ ಸುದ್ದಿ ಎತ್ತಲಿಲ್ಲ. ಬೆಳ್ಳುಳ್ಳಿ ಕಾಸುವ ಹಿತ್ತಾಳೆಯ ಸೌಟು ಅಡುಗೆಮನೆಯ ಮೊಳೆಯಿಂದ ಮಾಯವಾಯಿತು. ಸ್ನಾನದ ಮೊದಲು ಹತ್ತಿಗೆ ವ್ಯಾಸಲಿನ್ ಹಚ್ಚಿ ಕಿವಿಗೆ ಇಡಬೇಕೆಂದು ಡಾಕ್ಟರು ಹೇಳಿದ್ದರು. ಅದನ್ನು ಅಜ್ಜಿ ತನ್ನ ಕೆಲಸವೆಂದು ಹಿಡಿದಳು. ಬೆಳಿಗ್ಗೆ ದೇವರ ಬತ್ತಿ ಹೊಸೆಯುವಾಗಲೇ ನನ್ನ ಕಿವಿಗೂ ಒಂದು ಗಟ್ಟಿ ಉಂಡೆ ಕಟ್ಟುತ್ತಿದ್ದಳು. ಬಚ್ಚಲ ಬಾಗಿಲ ಹೊರಗೆ ನಿಂತು, “ತಲಿಗೆ ನೀರು ಹಾಕ್ಕೋಬ್ಯಾಡ,” ಎಂದು ನಾನು ಬಟ್ಟೆ ಉಟ್ಟು ಹೊರಗೆ ಬರುವವರೆಗೂ ಹೇಳುತ್ತಿದ್ದಳು. ನನಗೆ ಯಾರೂ ಹಾಗೆ ಕಾಯುವುದು ಇಷ್ಟವಿಲ್ಲ. ಬೇಡ ಎನ್ನುವ ತ್ರಾಣವೂ ಇರಲಿಲ್ಲ. ಔಷಧದ ಮಂಪರು, ಒಂದು ಬದಿಯ ಮೌನ, ಚಿತ್ರ ಅಳಿಸುವ ಕೆಲಸ. ಒಮ್ಮೊಮ್ಮೆ ಒಂದೇ ಜೀವಿಯ ಎರಡು ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆ ಎಂದು ನೋಡುತ್ತ ಕೂತು, ಎರಡನ್ನೂ ಅಳಿಸಿಬಿಡುವ ಮನಸ್ಸಾಗುತ್ತಿತ್ತು.

ಮಳೆ ನಿಂತ ಮೇಲೆ ಮತ್ತೆ ಗಂಗಾವತಿ. ಈ ಸಲವೂ ಅಜ್ಜಿ ಬಂದಳು. ಕೊಳವೆ ಇಳಿಯಿತು, ಟಿವಿ ಬೆಳಗಿತು. ಊತವಿರಲಿಲ್ಲ, ಪೊರೆ ಮುತ್ತಿನ ಚಿಪ್ಪಿನ ಒಳಮೈಯಂತೆ ಬೆಳ್ಳಗಿತ್ತು. ಹಿಂದಿನ ಸಲಕ್ಕಿಂತ ಚಿತ್ರ ಸ್ಪಷ್ಟವಾಗಿತ್ತು. ಅದರಿಂದಾಗಿಯೇ ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ತೂತು ಹಾಗೇ ಇತ್ತು. ಅಂಚು ದುಂಡಗೆ, ದಪ್ಪಗೆ, ಅಂಗಿಗೆ ಹೊಲಿದ ಗುಂಡಿಯ ಕಾಜಾದಂತೆ ಆಗಿತ್ತು. ಇನ್ನು ಮುಚ್ಚಿಕೊಳ್ಳುವ ಅಂಚು ಅದಲ್ಲ.

“ಆಪರೇಶನ್ ಮಾಡಿ ಮುಚ್ಚಬೌದ್ರಿ,” ಎಂದರು ಡಾಕ್ಟರು. “ಛಲೋ ಕೇಳ್ತೈತಿ ಆಮ್ಯಾಲೆ. ಆದ್ರ ಆಳಕ್ಕ ಇಳಿಯೋದು ಈ ವರ್ಷ ಇಲ್ಲ. ಮುಂದಿನ ವರ್ಷದ್ದೂ ನಾ ಮಾತು ಕೊಡಂಗಿಲ್ಲ.”

“ಸರಿ,” ಎಂದೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗಾದದ್ದು ದುಃಖ ಅಲ್ಲ. ಬಹಳ ಹೊತ್ತು ಎತ್ತಿ ಹಿಡಿದ ಕೈಯನ್ನು ಕೆಳಗಿಳಿಸು ಎಂದು ಯಾರೋ ಹೇಳಿದಂತಾಯಿತು. ದುಃಖ ಬಸ್‌ಸ್ಟ್ಯಾಂಡಿನಲ್ಲಿ ಬಂತು. ಕುಷ್ಟಗಿ ಬಸ್ಸಿಗೆ ಕಾಯುತ್ತ ನಿಂತಾಗ, ಅಕ್ಕಿಕಾಳಿನಷ್ಟು ಮರಿ ಈಗ ಮರಳಿಗೆ ಇಳಿಯುತ್ತಿರುತ್ತದೆ ಎಂಬುದು ನೆನಪಾಯಿತು.

ಆ ಬಿಲ ಎಲ್ಲಿದೆ ಎಂದು ಸರಿಯಾಗಿ ಬಲ್ಲವಳು ನಾನೊಬ್ಬಳೇ. ಗೆಳತಿ ನನ್ನ ಜೊತೆ ಇಳಿಯುತ್ತಿದ್ದರೂ ಅವಳ ಕಣ್ಣು ನನ್ನ ಗಾಳಿಯ ಮೇಲೆ, ಗಡಿಯಾರದ ಮೇಲೆ. ನಾನು ಮೂಗು ತಾಗಿಸಿಕೊಂಡು ನೋಡುತ್ತಿದ್ದ ಗೇಣು ಜಾಗ ಅವಳಿಗೆ ಬರಿಯ ಮರಳು. ಹಾಗೇ ಬಿಟ್ಟರೆ ಈ ಹಂಗಾಮಿನಲ್ಲಿ ಆ ಚಿತ್ರ ಯಾರಿಗೂ ಸಿಗುವುದಿಲ್ಲ. ಎರಡು ದಿನ ಹಾಗೇ ಬಿಟ್ಟೆ. ಮೂರನೆಯ ದಿನ ಅವಳಿಗೆ ಫೋನ್ ಮಾಡಿದೆ.

“ಹೇಗಿದ್ದಿ ಮಾರಾಯ್ತಿ? ಕಿವಿ?”

“ಈ ವರ್ಷ ಇಲ್ಲ. ನೀನೇ ಇಳಿಬೇಕು. ಕೇಳಿಸ್ಕೋ.”

ದೋಣಿ ಕಟ್ಟುವ ಹಗ್ಗದಿಂದ ತೀರದ ಕಡೆಗೆ ಬೆನ್ನು ಮಾಡು ಎಂದೆ. ಮೇಜಿನಂಥ ಹವಳ ದಾಟಿದ ಮೇಲೆ, ಒರಳುಕಲ್ಲಿನ ಹಾಗೆ ನಡುವೆ ಗುಳಿ ಇರುವ ಸತ್ತ ಹವಳ ಬರುತ್ತದೆ. ಅದರ ನೆರಳಿನ ಬದಿ. ದೊಡ್ಡ ಬಿಲಕ್ಕೆ ಹೋಗಬೇಡ. ಅದರಿಂದ ಒಂದು ಮೊಳ ಈಚೆ, ಒಡೆದ ಚಿಪ್ಪುಗಳ ನಡುವೆ ನೋಡು, ಮರಿಗಳು ಇಳಿಯುವುದು ಅಲ್ಲಿ. ಕ್ಯಾಮೆರಾ ಮೊದಲೇ ಹಿಡಿದುಕೊಂಡೇ ಇಳಿ, ಆಮೇಲೆ ಎತ್ತಿದರೆ ಮೀನು ಓಡುತ್ತದೆ. ಫ್ಲ್ಯಾಶನ್ನು ಓರೆಯಾಗಿ ಇಡು. ಉಸಿರು ಬಿಟ್ಟ ಮೇಲೆ, ಮತ್ತೆ ಎಳೆಯುವ ಮೊದಲು, ಒತ್ತು.

“ಚಿತ್ರದ ಕೆಳಗೆ ನಿನ್ನ ಹೆಸರೂ ಹಾಕ್ಲಿಕ್ಕೆ ಹೇಳ್ತೇನೆ.”

“ಬೇಡ. ತೆಗೆದವರ ಹೆಸರೇ ಇರಲಿ.”

ಅಜ್ಜಿ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಚಿತ್ರ ಬಂದದ್ದು ಬೇಗ ಅಲ್ಲ. ನಡುವೆ ಗಾಳಿ ಎದ್ದು ದೋಣಿ ಹೋಗದ ದಿನಗಳಿದ್ದವು. ಬಿಲ ಸಿಗಲಿಲ್ಲ ಎಂದು ಅವಳು ಬರೆದದ್ದೂ ಇತ್ತು. ಕೊನೆಗೆ ಒಂದು ಬೆಳಿಗ್ಗೆ, ಬಚ್ಚಲ ಹಂಡೆಗೆ ಉರಿ ಹಾಕಿ ಅಜ್ಜಿ ಪಡಸಾಲೆಗೆ ಬಂದು ಕೂತಾಗ, ಫೋನಿಗೆ ಬಂತು. ನಾನು ಅದನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದೆ. ಮೂಲೆಯಲ್ಲಿ ನಾಲ್ಕು ಮರಳು ಕಣ ಹೊಳೆಯುತ್ತಿದ್ದವು. ನಾನಾಗಿದ್ದರೆ ಇನ್ನಷ್ಟು ಕೆಳಗಿನಿಂದ ತೆಗೆಯುತ್ತಿದ್ದೆ. ಆದರೆ ಇತ್ತು: ಬೆಂಕಿಕಡ್ಡಿಯ ತಲೆಯಷ್ಟು ಬಿಲದ ಬಾಯಿ, ಮೈಯೊಳಗಿನದೆಲ್ಲ ಕಾಣುವಷ್ಟು ತೆಳ್ಳಗಿನ ಸಿಗಡಿ ಮರಿ, ಅದರ ಮುಂದೆ ರೆಪ್ಪೆಕೂದಲಿನಷ್ಟು ಮೀನು, ಎರಡರ ನಡುವೆ ಆ ಒಂದು ಗೆರೆ. ಮೀಸೆಯ ತುದಿ ಮೀನಿನ ಬಾಲಕ್ಕೆ ತಾಗಿತ್ತು.

ಅಜ್ಜಿ ಪಕ್ಕಕ್ಕೆ ಸರಿದು ಬಂದಳು. “ನೀ ತೆಗದದ್ದೇನು?”

“ಅಲ್ಲ. ಆಕಿ ತೆಗದದ್ದು.”

“ಅಷ್ಟೇನ್ ಛಲೋ ಬಂದಿಲ್ಲ ಬಿಡು.”

“ಛಲೋ ಬಂದೈತಮ್ಮಾ.”

ಅವಳು ಇನ್ನೂ ಹತ್ತಿರಕ್ಕೆ ಬಗ್ಗಿ ನೋಡಿದಳು. ಬಿಲದ ಕಪ್ಪು ಬಾಯಿಯ ಮೇಲೆ, ಪರದೆಗೆ ತಾಗದಂತೆ, ಬೆರಳು ಹಿಡಿದಳು.

“ಇದಕ್ಕೂ ತೂತು ಐತಿ,” ಎಂದಳು. “ಆದ್ರ ಇದಕ್ಕ ಕಾವಲು ಐತಿ. ಯಾವ ಮುದುಕಿನೂ ಬಂದು ಎಣ್ಣಿ ಹಾಕಾಕ ಆಗಂಗಿಲ್ಲ.”

ಗಂಗಾವತಿಯಿಂದ ಬಂದ ಮೇಲೆ ಎಣ್ಣೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದೆ. ಅವಳೂ ಅದಕ್ಕೇ ಕಾಯುತ್ತಿದ್ದಂತಿತ್ತು. ನಕ್ಕೆ. ಅವಳು ನಗಲಿಲ್ಲ, ತಟ್ಟೆಯಲ್ಲಿದ್ದ ಬತ್ತಿಗಳ ನಡುವಿನಿಂದ ಹತ್ತಿಯ ಉಂಡೆಯನ್ನು ಹುಡುಕಿ ನನ್ನ ಅಂಗೈಗೆ ಇಟ್ಟಳು.

“ನೀರು ಕಾದಾವ. ಎದ್ದೇಳು.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಹತ್ತಿಗೆ ವ್ಯಾಸಲಿನ್ ಹಚ್ಚಿ, ಎಡಗಿವಿಗೆ ಒತ್ತಿ, ಬಚ್ಚಲಿಗೆ ಹೋದೆ. ಅವಳು ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತಳು.